‘ಇಂದ’, ‘ವರೆಗೆ’

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಪಂಚಾಯಿತಿ ಕಚೇರಿಗೆ ಕೆಲಸದ ಮೇಲೆ ಹೋಗಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದರು. ಸುಮ್ನೆ ಕೂತಿದ್ದವನ ಕಣ್ಣಿಗೆ ಸಭಾಂಗಣದ ಗೋಡೆಯ ಮೇಲಿನ ಹಲಗೆ ಬಿತ್ತು. ಎಲ್ಲ ಪಂಚಾಯಿತಿ ಕಚೇರಿಗಳಲ್ಲೂ ಇರುತ್ತಲ್ಲ, ಅಂಥದ್ದೇ. ಕಂದು ಬಣ್ಣ, ಹಳದಿ ಅಕ್ಷರ. ತಲೆಬರಹ ‘ಅಧ್ಯಕ್ಷರುಗಳು’. ಅದರ ಕೆಳಗೆ ಕ್ರಮ ಸಂಖ್ಯೆ, ಹೆಸರು, ಆಮೇಲೆ ಎರಡು ಕಾಲಂ. ಒಂದು ‘ಇಂದ’, ಇನ್ನೊಂದು ‘ವರೆಗೆ’.

ಮೊದಲ ಸಾಲು 1995ರದ್ದು. ಕೆಲವರು ಪೂರ್ತಿ ಅವಧಿ ಇದ್ದರು, ಕೆಲವರದ್ದು ಬರೀ ತಿಂಗಳುಗಳ ಲೆಕ್ಕ. ಕೊನೆಯ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು. ‘ವರೆಗೆ’ ಅನ್ನುವ ಕಡೆ 2021. ಅದರ ಕೆಳಗೆ ಪೇಂಟರ್ ಮೊದಲೇ ಗೆರೆ ಎಳೆದಿಟ್ಟಿದ್ದ ಏಳೆಂಟು ಸಾಲು ಹಾಗೇ ಖಾಲಿ ಇವೆ.

ಆಮೇಲೆ ಗೆದ್ದವರ ಜಾಗಕ್ಕೆ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಗಳ ಹೆಸರು ಯಾಕೆ ಬರೆಸಿಲ್ಲ ಅಂತ ಅಟೆಂಡರ್‌ನ ಕೇಳಿದೆ. ‘ಅದು ಗೆದ್ದು ಬಂದೋರ ಬೋರ್ಡು ಸಾರ್. ಆಫೀಸರ್‌ಗಳು ಬರ್ತಾರೆ, ಹೋಗ್ತಾರೆ. ಅವ್ರದ್ದು ಬರೆಯಲ್ಲ’ ಅಂದರು.

ಪ್ರಜಾಪ್ರಭುತ್ವ ಕುಸಿಯುತ್ತಿದೆಯಾ ಅನ್ನುವ ಪ್ರಶ್ನೆಯನ್ನು ಈಗ ಎಲ್ಲರೂ ಕೇಳುತ್ತಿದ್ದಾರೆ. ಟಿವಿಯಲ್ಲಿ ಈ ಚರ್ಚೆ ಶುರುವಾದರೆ ಮಾತು ದೆಹಲಿಗೆ ಹೋಗುತ್ತದೆ, ಇಲ್ಲವೇ ಅಮೆರಿಕಕ್ಕೆ. ಯಾರು ಸರ್ವಾಧಿಕಾರಿ, ಯಾರು ಅಲ್ಲ ಅನ್ನುವ ಜಗಳದಲ್ಲೇ ಮುಗಿಯುತ್ತದೆ. ನನಗೆ ಆ ಹಲಗೆ ನೋಡಿದ ಮೇಲೆ ಈ ಪ್ರಶ್ನೆಯನ್ನು ಅಷ್ಟು ದೂರ ಒಯ್ಯಬೇಕಾಗಿಲ್ಲ ಅನ್ನಿಸಿದೆ. ನಮ್ಮ ಪ್ರಜಾಪ್ರಭುತ್ವದ ಬುನಾದಿಯ ಒಂದು ಕಲ್ಲು ಸಡಿಲವಾಗಿದೆ. ಅದು ಸಡಿಲವಾಗಿರೋದು ನಮ್ಮ ತಾಲ್ಲೂಕು ಕೇಂದ್ರದಲ್ಲೇ.

ಆ ಕಲ್ಲು ಅಂದರೆ ‘ವರೆಗೆ’ ಅನ್ನುವ ಕಾಲಂ. ರಾಜರ ಕಾಲದಲ್ಲೂ ‘ಇಂದ’ ಇತ್ತು. ಪಟ್ಟಕ್ಕೆ ಬಂದ ದಿನ ಶಾಸನದಲ್ಲಿ ಸಿಗುತ್ತದೆ. ಇಳಿಯುವ ದಿನ ಮಾತ್ರ ಮೊದಲೇ ಬರೆದಿರುತ್ತಿರಲಿಲ್ಲ. ಅಧಿಕಾರ ಹಿಡಿಯುವ ದಿನವೇ ಬಿಡುವ ದಿನವನ್ನೂ ಬರೆದಿಟ್ಟಿದ್ದು ಸಂವಿಧಾನ. ಲೋಕಸಭೆಗೆ 5 ವರ್ಷ, ‘ಅದಕ್ಕಿಂತ ಹೆಚ್ಚಿಗೆ ಇಲ್ಲ’ ಅನ್ನುತ್ತದೆ 83ನೇ ವಿಧಿ. ಪಂಚಾಯಿತಿಗಳ ಬಗ್ಗೆ 243ಇ ವಿಧಿ ಹೇಳೋದೂ ಅದನ್ನೇ: ಮೊದಲ ಸಭೆಯ ದಿನದಿಂದ 5 ವರ್ಷ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತದೆ. ಆ 5 ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಗರಪಾಲಿಕೆ, ಪುರಸಭೆಗಳಿಗೆ ಇದನ್ನೇ 243ಯು ವಿಧಿ ಹೇಳುತ್ತದೆ.

ಈ ಒಂದು ನಿಯಮ ಮುರಿದಾಗ ದೇಶ ಹೇಗೆ ನಡೆದುಕೊಂಡಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳೋಣ. 1971ರ ಮಾರ್ಚ್‌ನಲ್ಲಿ ಆಯ್ಕೆಯಾದ ಲೋಕಸಭೆಯ ಅವಧಿ 1976ರಲ್ಲಿ ಮುಗಿಯಬೇಕಿತ್ತು. ತುರ್ತುಪರಿಸ್ಥಿತಿ ಇತ್ತು. ಸಂಸತ್ತು ಕಾನೂನು ಮಾಡಿ ತನ್ನ ಅವಧಿಯನ್ನು ತಾನೇ ಒಂದು ವರ್ಷ ಹಿಗ್ಗಿಸಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಮತ್ತೆ ಇನ್ನೊಂದು ವರ್ಷ. 42ನೇ ತಿದ್ದುಪಡಿಯಲ್ಲಿ 5 ವರ್ಷವನ್ನೇ 6 ಮಾಡಿದರು. ಮಧು ಲಿಮಯೆ, ಶರದ್ ಯಾದವ್ ಇಬ್ಬರೂ ಆಗ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಜನ ನಮ್ಮನ್ನು ಕಳಿಸಿದ್ದು 5 ವರ್ಷಕ್ಕೆ, ಅದು ಮುಗಿಯಿತು, ಇನ್ನು ಈ ಕುರ್ಚಿಯ ಮೇಲೆ ಹಕ್ಕಿಲ್ಲ ಅನ್ನುವುದು ಅವರ ವಾದ. 1977ರಲ್ಲಿ ಚುನಾವಣೆ ನಡೆದಾಗ ಜನ ಸರ್ಕಾರವನ್ನೇ ಬದಲಿಸಿದರು. 44ನೇ ತಿದ್ದುಪಡಿ ಆ 6ನ್ನು ಮತ್ತೆ 5ಕ್ಕೆ ಇಳಿಸಿತು.

ಲೋಕಸಭಾ ಚುನಾವಣೆ ಒಂದು ವರ್ಷ ತಡವಾಗಿದ್ದನ್ನು ನಾವು ಇವತ್ತಿಗೂ ಪಾಠದಲ್ಲಿ ಓದುತ್ತೇವೆ. ಓದಲೇಬೇಕು. ಈಗ ನಮ್ಮ ರಾಜ್ಯದ ಲೆಕ್ಕ ನೋಡಿ.

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಆಗ ಕೋವಿಡ್ ಎರಡನೇ ಅಲೆ ಇತ್ತು, ಒಪ್ಪೋಣ. ಆದರೆ ಅಲೆ ಇಳಿದ ಮೇಲೂ ಚುನಾವಣೆ ಬರಲಿಲ್ಲ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಗಡಿ ಗುರುತಿಸುವ ಅಧಿಕಾರವನ್ನೇ ಆಯೋಗದಿಂದ ವಾಪಸ್ ತೆಗೆದುಕೊಂಡಿತು. ಅದಕ್ಕೆ ಅಂತ ಬೇರೆಯೇ ಒಂದು ಸೀಮಾ ನಿರ್ಣಯ ಆಯೋಗ ಮಾಡಿತು. ಮಾಡಿದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಚುನಾವಣಾ ಆಯೋಗವೇ ಹೈಕೋರ್ಟ್ ಮೆಟ್ಟಿಲು ಹತ್ತಿತು. ಚುನಾವಣೆ ನಡೆಸೋಕೇ ಇರುವ ಸಂಸ್ಥೆ, ಚುನಾವಣೆ ನಡೆಸಲು ಬಿಡಿ ಅಂತ ಕೋರ್ಟಿನಲ್ಲಿ ಕೇಳಬೇಕಾಯಿತು. ತಡ ಮಾಡಿದ್ದಕ್ಕೆ ಹೈಕೋರ್ಟ್ ಸರ್ಕಾರಕ್ಕೆ ದಂಡ ಹಾಕಿದ್ದೂ ಆಯಿತು.

2023ರಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ‘ಯಾಕೆ ಚುನಾವಣೆ ಮಾಡ್ತಿಲ್ಲ’ ಅಂತ ಕೇಳಿದವರು ಅಧಿಕಾರಕ್ಕೆ ಬಂದರು. ಮಾಡಬೇಕಾದವರಾಗಿದ್ದವರು ವಿರೋಧ ಪಕ್ಷಕ್ಕೆ ಹೋಗಿ ಅದೇ ಪ್ರಶ್ನೆ ಕೇಳತೊಡಗಿದರು. 2025 ಮುಗಿಯುತ್ತಾ ಬಂತು. ಆಗಲೂ ಚುನಾವಣೆ ನಡೆದಿರಲಿಲ್ಲ. ಹಾಗಾಗಿ ಇದನ್ನು ಒಂದು ಪಕ್ಷದ ತಪ್ಪು ಅಂತ ನಾನು ಬರೆಯುತ್ತಿಲ್ಲ. ಒಂದೇ ಪಕ್ಷದ ತಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಮತದಾರರೇ ಸರಿ ಮಾಡಿರುತ್ತಿದ್ದರು.

ಬೆಂಗಳೂರಿನದ್ದು ಇನ್ನೂ ಉದ್ದದ ಕಥೆ. ಪಾಲಿಕೆಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡ್, 198 ಕಾರ್ಪೊರೇಟರ್‌ಗಳು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. 198 ವಾರ್ಡಿಗೇ ಚುನಾವಣೆ ಮಾಡಿ ಅಂತ ಹೈಕೋರ್ಟ್ ಆ ಡಿಸೆಂಬರ್‌ನಲ್ಲೇ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. ಹೊಸ ಕಾನೂನು ಬಂತು, ವಾರ್ಡ್ 243 ಆಯಿತು. 2022ರಲ್ಲಿ ಮೀಸಲಾತಿ ಪಟ್ಟಿ ಬಂತು, ಹೈಕೋರ್ಟ್ ಅದನ್ನು ರದ್ದು ಮಾಡಿ ಮತ್ತೆ ಮಾಡಿ ಅಂದಿತು. ಸರ್ಕಾರ ಬದಲಾದ ಮೇಲೆ 243 ಹೋಗಿ 225 ಆಯಿತು. ಆಮೇಲೆ ಗ್ರೇಟರ್ ಬೆಂಗಳೂರು ಕಾನೂನು ಬಂತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ವಾರ್ಡ್ 369 ಆಯಿತು.

198, 243, 225, 369. ಸಂಖ್ಯೆ ಮೂರು ಸಲ ಬದಲಾಯಿತು. 2025 ಮುಗಿಯುವವರೆಗೂ ಕಾರ್ಪೊರೇಟರ್ ಮಾತ್ರ ಒಬ್ಬರೂ ಬರಲಿಲ್ಲ. ಈ ನಡುವೆ ಪಾಲಿಕೆಯ ಬಜೆಟ್ ವರ್ಷ ವರ್ಷ ಮಂಡನೆ ಆಗುತ್ತಲೇ ಇತ್ತು. 2025-26ರದ್ದು ಹತ್ತಿರ ಹತ್ತಿರ 20 ಸಾವಿರ ಕೋಟಿ ರೂಪಾಯಿ. ಅಷ್ಟು ದುಡ್ಡಿಗೆ ‘ಈ ಖರ್ಚು ಯಾಕೆ’ ಅಂತ ಸಭೆಯಲ್ಲಿ ಎದ್ದು ನಿಂತು ಕೇಳಲು ಆ ಊರಿನ ಜನ ಆರಿಸಿದ ಒಬ್ಬ ಪಾಲಿಕೆ ಸದಸ್ಯನೂ ಇರಲಿಲ್ಲ. ತೆರಿಗೆ ಕಟ್ಟುವವರಿಗೆ ಪ್ರತಿನಿಧಿ ಇರಬೇಕು ಅನ್ನೋದು ಪ್ರಜಾಪ್ರಭುತ್ವದಲ್ಲಿ ಎಷ್ಟು ಹಳೆಯ ಮಾತು ಅಲ್ವಾ?

ತಡಕ್ಕೆ ಕೊಡುವ ಕಾರಣಗಳೆಲ್ಲ ಸುಳ್ಳು ಅಂತ ನಾನು ಹೇಳೋದಿಲ್ಲ. ಜನಸಂಖ್ಯೆ ಬೆಳೆದಂತೆ ಕ್ಷೇತ್ರದ ಗಡಿ ಬದಲಾಗಬೇಕು. ಮೀಸಲಾತಿಯಂತೂ ಇರಲೇಬೇಕು. ಹಿಂದುಳಿದ ವರ್ಗಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಎಷ್ಟು ಸ್ಥಾನ ಅನ್ನೋದನ್ನು ಅಂಕಿ ಅಂಶ ಸಂಗ್ರಹಿಸಿಯೇ ನಿರ್ಧರಿಸಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. ಒಟ್ಟು ಮೀಸಲಾತಿ ಅರ್ಧ ದಾಟಬಾರದು ಅಂತಲೂ ಹೇಳಿತ್ತು. 2021ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಅದನ್ನೇ ಮತ್ತೆ ಬಿಗಿಯಾಗಿ ಹೇಳಿತು, ಅದಕ್ಕೆ ಅಂತಲೇ ಒಂದು ಆಯೋಗ ನೇಮಿಸಬೇಕು ಅಂದಿತು. ನಮ್ಮಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ನೇಮಕವಾದದ್ದು 2022ರ ಮೇ ತಿಂಗಳಲ್ಲಿ. ಕೆಲವೇ ವಾರಗಳಲ್ಲಿ ಅವರು ವರದಿ ಕೊಟ್ಟರು. ಅಂದರೆ ಕೂತು ಮಾಡಿದರೆ ಮುಗಿಯುವ ಕೆಲಸವೇ ಅದು. 2010ರಿಂದ 2022ರವರೆಗೆ ಯಾರೂ ಕೂತಿರಲಿಲ್ಲ ಅಷ್ಟೇ.

ನನ್ನ ತಕರಾರು ಇರುವುದು ಇಲ್ಲಿ. ಪಂಚಾಯಿತಿಯ ಅವಧಿ ಯಾವತ್ತು ಮುಗಿಯುತ್ತದೆ ಅನ್ನೋದು ಅದು ಶುರುವಾದ ದಿನವೇ ಗೊತ್ತಿರುತ್ತದೆ. ಬರಗಾಲದ ಹಾಗೆ ಹೇಳದೆ ಕೇಳದೆ ಬರುವಂಥದ್ದಲ್ಲ. 5 ವರ್ಷ ಸುಮ್ಮನಿದ್ದು, ಅವಧಿ ಮುಗಿಯುವ ತಿಂಗಳಲ್ಲಿ ಗಡಿ ಎಳೆಯೋಕೆ ಶುರು ಮಾಡಿದರೆ ಅದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಸುಪ್ರೀಂ ಕೋರ್ಟ್ ಇದನ್ನೂ ಹೇಳಿದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ, 2006ರಲ್ಲಿ, ಗಡಿ ಗುರುತಿಸುವ ಕೆಲಸದಂಥ ನೆಪಕ್ಕೆ ಚುನಾವಣೆ ಮುಂದಕ್ಕೆ ಹೋಗಬಾರದು ಅಂತ ಅದು ಸ್ಪಷ್ಟ ಮಾಡಿತು. 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಡಿ, ಮೀಸಲಾತಿ ಯಾವುದಕ್ಕೂ ಕಾಯಬೇಡಿ, ಇದ್ದದ್ದರಲ್ಲೇ ಚುನಾವಣೆ ನಡೆಸಿ ಅಂದಿತು. ಈ ಮಾತು ಎಲ್ಲ ರಾಜ್ಯಗಳಿಗೂ ಸೇರಿತ್ತು.

ಆಗೋದೇ ಇಲ್ಲವಾ ಅಂತ ಕೇಳಿದರೆ, ಪಕ್ಕದ ಕೇರಳ ನೋಡಿ. 1995ರಿಂದ ಅಲ್ಲಿ 5 ವರ್ಷಕ್ಕೊಮ್ಮೆ ಸ್ಥಳೀಯ ಚುನಾವಣೆ ನಡೆಯುತ್ತಾ ಬಂದಿದೆ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆಯೇ, ಮಾಸ್ಕ್ ಹಾಕಿಕೊಂಡು ಮತ ಹಾಕಿದರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಹಾಕಿದರು. ಅಲ್ಲೂ ಆ ಸಲ ವಾರ್ಡ್‌ಗಳ ಗಡಿ ಬದಲಾಗಿತ್ತು, ಸಂಖ್ಯೆಯೂ ಜಾಸ್ತಿಯಾಗಿತ್ತು. ಆ ಕೆಲಸವನ್ನು ಅವಧಿ ಮುಗಿಯುವ ಮೊದಲೇ ಮುಗಿಸಿದ್ದರು. ಕೇರಳದ ಜನ ನಮಗಿಂತ ಬುದ್ಧಿವಂತರು ಅಂತ ಅಲ್ಲ. ಅಲ್ಲಿ ಈ ಚುನಾವಣೆ ತಪ್ಪಿಸಿದರೆ ಗಲಾಟೆ ಆಗುತ್ತದೆ, ಇಲ್ಲಿ ಆಗೋದಿಲ್ಲ. ಹಾಗಂತ ನಾವೊಬ್ಬರೇ ಹೀಗೆ ಅಂತಲೂ ಅಲ್ಲ. ಚೆನ್ನೈ ಪಾಲಿಕೆ 2016ರಿಂದ 2022ರವರೆಗೆ ಕಾದಿತ್ತು. ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಮೂರು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದ್ದೇ ಗ್ರಾಮ ಪಂಚಾಯಿತಿಗಳಿಗೆ ಅದೇ 2020ರ ಡಿಸೆಂಬರ್‌ನಲ್ಲಿ, ಅದೇ ಕೋವಿಡ್ ನಡುವೆ, 5,700ಕ್ಕೂ ಹೆಚ್ಚು ಪಂಚಾಯಿತಿಗಳಲ್ಲಿ ಚುನಾವಣೆ ಮಾಡಿದ್ದೆವು. ಮನಸ್ಸಿದ್ದರೆ ಮಾರ್ಗ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಹಾಗಾದರೆ ಮನಸ್ಸು ಯಾಕಿಲ್ಲ? ನನಗೆ ತಿಳಿದ ಉತ್ತರ ಇಷ್ಟು. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ನಾಳಿನ ಶಾಸಕ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ನಾಲ್ಕೈದು ಜಿಲ್ಲಾ ಪಂಚಾಯಿತಿ ಕ್ಷೇತ್ರ ಇದ್ದರೆ, ನಾಲ್ಕೈದು ಜನ ಜನರ ನಡುವೆ ಓಡಾಡಿ, ಹೆಸರು ಮಾಡಿ, ಮುಂದಿನ ಸಲ ಟಿಕೆಟ್ ಕೇಳಬಲ್ಲವರಾಗುತ್ತಾರೆ. ಅವರಿಲ್ಲದಿದ್ದರೆ ರಸ್ತೆ ಯಾವ ಊರಿಗೆ, ಬೋರ್‌ವೆಲ್ ಯಾರ ಬೀದಿಗೆ, ಕಾಮಗಾರಿ ಯಾವ ಗುತ್ತಿಗೆದಾರನಿಗೆ ಅನ್ನೋದೆಲ್ಲ ಶಾಸಕರ ಮನೆ ಜಗಲಿಯಲ್ಲೇ ತೀರ್ಮಾನ ಆಗುತ್ತದೆ. ಬೆಂಗಳೂರಿನಲ್ಲಿ 198 ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸ 28 ಶಾಸಕರ ಕೈಗೆ ಬಂದಿದೆ. ಎಲ್ಲ ಶಾಸಕರೂ ಹೀಗೇ ಯೋಚಿಸುತ್ತಾರೆ ಅಂತ ನಾನು ಹೇಳೋದಿಲ್ಲ. ಆದರೆ ಚುನಾವಣೆ ಬೇಕು ಅಂತ ಪಟ್ಟು ಹಿಡಿದು ಕೂತ ಶಾಸಕರನ್ನು ಬೆರಳಲ್ಲಿ ಎಣಿಸಬೇಕು.

ನನಗೆ ಜಾಸ್ತಿ ನೋವಾಗೋದು ಈ ಮೆಟ್ಟಿಲನ್ನು ಹತ್ತಿ ಬಂದವರ ಪಟ್ಟಿ ನೋಡಿದಾಗ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದವರು. ಅಲ್ಲಿಂದ ಪ್ರಧಾನಿಯ ಕುರ್ಚಿಯವರೆಗೆ ಹೋದರು. ಯಡಿಯೂರಪ್ಪನವರು ಶಿಕಾರಿಪುರ ಪುರಸಭೆಯಿಂದ ಬಂದವರು. ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದು ರಾಜಕೀಯ ಶುರು ಮಾಡಿದವರು. ಅಪ್ಪನ ಹೆಸರು, ದುಡ್ಡು ಯಾವುದೂ ಇಲ್ಲದ ಹಳ್ಳಿ ಹುಡುಗನಿಗೆ ಇದ್ದ ಬಾಗಿಲು ಅದೊಂದೇ. 2021ರಲ್ಲಿ 25 ವರ್ಷದವನಾಗಿದ್ದ ಹುಡುಗನಿಗೆ ಈಗ 29, 30. ಅವನಿಗೆ ಆ ಬಾಗಿಲು ಒಂದು ದಿನವೂ ತೆರೆದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ದೊಡ್ಡದು. 2016ರಲ್ಲಿ ಜಿಲ್ಲಾ ಪಂಚಾಯಿತಿಗಳಲ್ಲಿ 1,083 ಸ್ಥಾನ, ತಾಲ್ಲೂಕು ಪಂಚಾಯಿತಿಗಳಲ್ಲಿ 3,903 ಸ್ಥಾನ ಇದ್ದವು. ಎರಡೂ ಸೇರಿದರೆ ಹೆಚ್ಚುಕಡಿಮೆ 5 ಸಾವಿರ. ಅದರಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ ಇವೆ, ಗೆದ್ದ ಮಹಿಳೆಯರು ಬೆರಳೆಣಿಕೆಯಷ್ಟು. ಎರಡೂವರೆ ಸಾವಿರ ಹೆಣ್ಣುಮಕ್ಕಳು ಮೈಕ್ ಹಿಡಿದು ಅಧಿಕಾರಿಯನ್ನು ಪ್ರಶ್ನೆ ಕೇಳುವ ಜಾಗ ಸದ್ದಿಲ್ಲದೆ ಮುಚ್ಚಿದೆ. ಲೋಕಸಭೆ, ವಿಧಾನಸಭೆಯಲ್ಲಿ ಮಹಿಳಾ ಮೀಸಲಾತಿ ಬರಬೇಕು ಅಂತ ಭಾಷಣ ಮಾಡುವವರು ಇದನ್ನೂ ಒಮ್ಮೆ ಕೇಳಬೇಕು.

‘ಆದರೂ ಅಧಿಕಾರಿಗಳಿದ್ದರೆ ಕೆಲಸ ಚೆನ್ನಾಗಿ ಆಗುತ್ತೆ ಬಿಡಿ, ಕಾರ್ಪೊರೇಟರ್‌ಗಳು ಬಂದರೆ ಕಮಿಷನ್ ಜಾಸ್ತಿ’ ಅನ್ನುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಇದನ್ನು ತಳ್ಳಿ ಹಾಕೋಕೆ ಆಗೋದಿಲ್ಲ. ಜನರ ಅನುಭವ ಅದು. 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಜನ ಮತ ಹಾಕೋಕೇ ಬರಲಿಲ್ಲ. ಕಾರ್ಪೊರೇಟರ್ ಮೇಲಿನ ಬೇಸರ ನಿಜ. ಆದರೆ ಕೆಟ್ಟ ಕಾರ್ಪೊರೇಟರ್‌ಗೆ ಮದ್ದು ಚುನಾವಣೆಯೇ. ಅಧಿಕಾರಿ ಕೆಟ್ಟವರಾದರೆ ನಾವು ಏನು ಮಾಡಬಹುದು? ಅರ್ಜಿ ಕೊಡಬಹುದು. ಅವರಿಗೆ ವರ್ಗಾವಣೆ ಆಗುವವರೆಗೆ ಕಾಯಬಹುದು. ಒಳ್ಳೆಯ ಅಧಿಕಾರಿ ಬಂದರೂ ಅಷ್ಟೇ, ಅವರನ್ನು ಉಳಿಸಿಕೊಳ್ಳೋದು ನಮ್ಮ ಕೈಯಲ್ಲಿಲ್ಲ.

ಒಂದು ಗ್ರಾಮ ಸಭೆಯಲ್ಲಿ ನೋಡಿದ್ದು ಹೇಳುತ್ತೇನೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಕ್ರಿಯಾ ಯೋಜನೆ ಓದುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದರು. ಪಿಡಿಒ ಕಡೆ ನೋಡಲೇ ಇಲ್ಲ. ಪಕ್ಕದ ಬೆಂಚಿನಲ್ಲಿದ್ದ ಯುವಕ ಸದಸ್ಯನ ಕಡೆ ತಿರುಗಿ, ‘ಏನ್ ಮಗಾ, ಓಟು ಕೇಳೋಕೆ ಬಂದಾಗ ನಮ್ಮ ಬೀದಿ ನಲ್ಲಿ ಕಂಡಿತ್ತು, ಈಗ ಕಾಣಲ್ವಾ?’ ಅಂದರು. ಆ ಹುಡುಗ ಕೆಂಪಾಗಿ, ‘ನಾಳೆ ವಾಟರ್‌ಮ್ಯಾನ್ ಕರ್ಕೊಂಡು ಬರ್ತೀನಿ ಅವ್ವಾ’ ಅಂದ. ‘ನಾಳೆ ಅಂದ್ರೆ ಯಾವತ್ತು? ತಾರೀಕು ಹೇಳು’ ಅಂದರು ಅಜ್ಜಿ. ಸಭೆಯೆಲ್ಲ ನಕ್ಕಿತು. ಅವನು ತಾರೀಕು ಹೇಳಿದ. ಓದು ಬರಹ ಬಾರದ ಅಜ್ಜಿಗೆ ಆ ಹುಡುಗನ ಮೇಲೆ ಇದ್ದ ಅಧಿಕಾರ ಎಲ್ಲಿಂದ ಬಂತು? ಮತ್ತೆ ಒಂದು ದಿನ ಅವನು ಅವರ ಬಾಗಿಲಿಗೆ ಬರಲೇಬೇಕು ಅನ್ನುವುದರಿಂದ. ತಾಲ್ಲೂಕು ಮಟ್ಟದಲ್ಲಿ, ಜಿಲ್ಲಾ ಮಟ್ಟದಲ್ಲಿ ಈಗ ಅಜ್ಜಿಗೆ ಹಾಗೆ ‘ಏನ್ ಮಗಾ’ ಅನ್ನೋಕೆ ಯಾರೂ ಇಲ್ಲ.

ಅಲ್ಲಿ ಏನೇನು ನಿಂತುಹೋಗಿದೆ ಅಂತ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಜಿಲ್ಲಾ ಪಂಚಾಯಿತಿಗೆ ಸ್ಥಾಯಿ ಸಮಿತಿಗಳಿದ್ದವು. ಹಣಕಾಸು ಮತ್ತು ಲೆಕ್ಕ ಪರಿಶೋಧನೆಗೆ ಒಂದು, ಶಿಕ್ಷಣ ಮತ್ತು ಆರೋಗ್ಯಕ್ಕೆ ಒಂದು, ಸಾಮಾಜಿಕ ನ್ಯಾಯಕ್ಕೆ ಒಂದು. ಹಾಸ್ಟೆಲ್ ಹುಡುಗರಿಗೆ ಹಾಸಿಗೆ ಬಂತಾ, ಆಸ್ಪತ್ರೆಯಲ್ಲಿ ಹಾವು ಕಡಿತದ ಔಷಧಿ ಇದೆಯಾ ಅಂತ ಅಲ್ಲಿ ಕೇಳುತ್ತಿದ್ದರು. ಈಗ ಆ ಪ್ರಶ್ನೆಗಳನ್ನೂ ಅಧಿಕಾರಿಯೇ ಕೇಳಬೇಕು, ಉತ್ತರವನ್ನೂ ಅಧಿಕಾರಿಯೇ ಕೊಡಬೇಕು. ದುಡ್ಡಿನ ಪೆಟ್ಟೂ ಇದೆ. 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕು ಅನ್ನುವುದು ಒಂದು ಷರತ್ತಾಗಿತ್ತು.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರ್‌ನಲ್ಲಿ ಆ 25 ಸ್ಥಾನಕ್ಕೆ ಚುನಾವಣೆ ನಡೆಯಿತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಬೆಂಗಳೂರು ಪಾಲಿಕೆ ಮೂರರ ಸದಸ್ಯರೂ ಇಲ್ಲದೆಯೇ ಮತದಾರರ ಪಟ್ಟಿ ತಯಾರಾಯಿತು. ಕೆಳಗಿನ ಒಂದು ಚುನಾವಣೆ ತಪ್ಪಿದರೆ ಮೇಲಿನದ್ದೂ ಸೊರಗುತ್ತದೆ.

ಇದೆಲ್ಲ ಬೇರೆ ಯಾವುದೋ ರಾಜ್ಯದಲ್ಲಿ ಆಗಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಇದು ಕರ್ನಾಟಕ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಕೂರಿಸಿದ ನಾಡು. ಆ ಸಭೆಗೆ ಅಧಿಕಾರ ಇರಲಿಲ್ಲ, ಬಂದವರೂ ಜಮೀನ್ದಾರರು, ವರ್ತಕರೇ ಜಾಸ್ತಿ. ಆದರೂ ಆಳುವವರು ಜನರ ಮುಂದೆ ಕೂತು ಲೆಕ್ಕ ಕೊಡಬೇಕು ಅನ್ನುವ ಅಭ್ಯಾಸ ಇಲ್ಲಿ ಆವತ್ತೇ ಶುರುವಾಗಿತ್ತು. ಅದಾಗಿ ನೂರು ವರ್ಷದ ಮೇಲೆ, 1983ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಹೊಸ ಪಂಚಾಯಿತಿ ಕಾನೂನು ತಂದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಸ್ಥಾನ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ದೇಶವೇ ತಿರುಗಿ ನೋಡಿತು.

ಆ ಮಂಡಳಿಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಅಂದರೆ ಈಗ ನಾವು ನೋಡುತ್ತಿರುವುದು ಹಳೆಯ ರೋಗ. ಆ ರೋಗ ಬರಬಾರದು ಅಂತಲೇ 73ನೇ ತಿದ್ದುಪಡಿ ತಂದಿದ್ದು. 1993ರ ಏಪ್ರಿಲ್ 24ರಂದು ಅದು ಜಾರಿಯಾಯಿತು. ಅದರ ಉದ್ದೇಶದ ಟಿಪ್ಪಣಿಯಲ್ಲೇ, ಪಂಚಾಯಿತಿಗಳು ಸೊರಗಲು ಮೊದಲ ಕಾರಣ ಕಾಲಕಾಲಕ್ಕೆ ಚುನಾವಣೆ ನಡೆಯದಿರುವುದು ಅಂತ ಬರೆದಿದ್ದಾರೆ. ಮದ್ದನ್ನು ಸಂವಿಧಾನದಲ್ಲೇ ಇಟ್ಟರು. ಮದ್ದು ಈಗಲೂ ಅಲ್ಲೇ ಇದೆ, ಯಾರೂ ಅದನ್ನು ತೆಗೆದು ಹಾಕಿಲ್ಲ. ಕುಡಿಸುವವರಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪಂಚಾಯಿತಿ ಅನ್ನೋದು ಸಂವಿಧಾನ ಬರೆದವರೆಲ್ಲರ ಕನಸಾಗಿತ್ತು ಅನ್ನೋಕೆ ಆಗಲ್ಲ. ಗಾಂಧೀಜಿಗೆ ಗ್ರಾಮವೇ ಎಲ್ಲ. ಅಂಬೇಡ್ಕರ್ ಅವರಿಗೆ ಗ್ರಾಮ ಅಂದರೆ ಜಾತಿಯ ಕೊಂಪೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಬಗ್ಗೆ ಬಹಳ ಕಟುವಾಗಿ ಮಾತಾಡಿದರು. ಊರ ಹೊರಗೆ ನಿಲ್ಲಿಸಲ್ಪಟ್ಟವರ ಕಡೆಯಿಂದ ನೋಡಿದರೆ ಅವರ ಮಾತಿನಲ್ಲಿ ಒಂದು ಅಕ್ಷರವೂ ಜಾಸ್ತಿಯಿಲ್ಲ. ಪಂಚಾಯಿತಿ ಕೊನೆಗೆ 40ನೇ ವಿಧಿಯಾಗಿ, ಸರ್ಕಾರ ಪಾಲಿಸಬೇಕಾದ ನಿರ್ದೇಶನಗಳ ಪಟ್ಟಿಯಲ್ಲಿ ಬಂತು. ಅಂಬೇಡ್ಕರ್ ಭಯಕ್ಕೆ 1993ರ ಕಾನೂನು ಕೊಟ್ಟ ಉತ್ತರ ಮೀಸಲಾತಿ. ಅಧ್ಯಕ್ಷ ಸ್ಥಾನವೂ ಸೇರಿ ಸರದಿ ಪ್ರಕಾರ ಎಲ್ಲರಿಗೂ. ಚುನಾವಣೆಯೇ ಇಲ್ಲದಿದ್ದರೆ ಮೊದಲು ಇಳಿಯುವುದು ಆ ಮೀಸಲಾತಿಯಿಂದ ಹತ್ತಿದವರು. ಊರಿನ ದೊಡ್ಡ ಮನೆಯವರಿಗೆ ಶಾಸಕರನ್ನು ನೋಡೋಕೆ ಪಂಚಾಯಿತಿ ಬೇಕಾಗಿಲ್ಲ, ಫೋನ್ ಸಾಕು.

ಮೇಲಿನ ಮನೆಗಳೂ ಹೆಚ್ಚು ಗಟ್ಟಿಯಾಗಿಲ್ಲ. ಮೊದಲ ಲೋಕಸಭೆ ತನ್ನ 5 ವರ್ಷದಲ್ಲಿ 677 ದಿನ ಕೂತಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಕೂತಿದ್ದು 274 ದಿನ. ಆ ಇಡೀ ಅವಧಿಯಲ್ಲಿ ಅದಕ್ಕೆ ಉಪಸಭಾಧ್ಯಕ್ಷರೇ ಇರಲಿಲ್ಲ. ನಮ್ಮ ವಿಧಾನಮಂಡಲ ವರ್ಷಕ್ಕೆ 60 ದಿನವಾದರೂ ಕೂರಬೇಕು ಅಂತ 2005ರಲ್ಲಿ ನಾವೇ ಕಾನೂನು ಮಾಡಿಕೊಂಡೆವು. ಹೆಚ್ಚಿನ ವರ್ಷಗಳಲ್ಲಿ ಅದರ ಹತ್ತಿರವೂ ಹೋಗಿಲ್ಲ.

ಹಾಗಾದರೆ ಪ್ರಜಾಪ್ರಭುತ್ವ ಮುಗಿಯಿತಾ? ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಮತದಾರರಲ್ಲಿ ನೂರಕ್ಕೆ 73 ಜನ ಬಿಸಿಲಲ್ಲಿ ನಿಂತು ಮತ ಹಾಕಿದರು, ಸರ್ಕಾರ ಬದಲಿಸಿದರು. ಸೋತವರು ಇಳಿದರು. ಇದು ಸಣ್ಣ ವಿಷಯ ಅಲ್ಲ. ಜನರ ನಂಬಿಕೆ ಹಾಗೇ ಇದೆ. ಕುಸಿಯುತ್ತಿರುವುದು ಆಳುವವರಿಗೆ ತಾರೀಕಿನ ಮೇಲೆ ಇರಬೇಕಾದ ಭಯ. 1976ರಲ್ಲಿ ಅವಧಿ ಹಿಗ್ಗಿಸೋಕೆ ಸಂಸತ್ತಿನಲ್ಲಿ ಕಾನೂನು ಮಾಡಬೇಕಾಯಿತು, ಹೊಣೆ ಹೊರಬೇಕಾಯಿತು, ಸೋಲಬೇಕಾಯಿತು. ಈಗ ಅವಧಿ ಹಿಗ್ಗಿಸುವ ಕಾನೂನೇ ಬೇಡ. ಒಂದು ಪಟ್ಟಿ ತಡ ಮಾಡಿದರೆ ಸಾಕು. ಯಾರೂ ಸೋಲುವುದಿಲ್ಲ. ಇಷ್ಟು ಸುಲಭ ಅಂತ ಒಮ್ಮೆ ಗೊತ್ತಾದರೆ, ಇದನ್ನು ತಾಲ್ಲೂಕು ಪಂಚಾಯಿತಿಗೇ ನಿಲ್ಲಿಸುತ್ತಾರೆ ಅನ್ನುವ ಖಾತ್ರಿ ಏನು?

ಅದಕ್ಕೇ ನನ್ನ ಕಣ್ಣು ಈಗ ಗ್ರಾಮ ಪಂಚಾಯಿತಿಗಳ ಮೇಲಿದೆ. 2020ರ ಡಿಸೆಂಬರ್‌ನಲ್ಲಿ ಗೆದ್ದವರು ಮೊದಲ ಸಭೆ ಸೇರಿದ್ದು 2021ರ ಮೊದಲ ತಿಂಗಳುಗಳಲ್ಲಿ. ಆ ದಿನದಿಂದ 5 ವರ್ಷ ಎಣಿಸಿದರೆ 2026ರ ಶುರುವಿಗೇ ಅವರ ಅವಧಿ ಮುಗಿಯುವ ಲೆಕ್ಕ. ಅಲ್ಲೂ ಆಡಳಿತಾಧಿಕಾರಿ ಬಂದರೆ ಹಳ್ಳಿಯ ಕಡೆ ಮೂರು ಹಂತದಲ್ಲಿ ಮೂರೂ ಖಾಲಿ. ನಮ್ಮೂರಿನ ಪಂಚಾಯಿತಿಯ ಮೊದಲ ಸಭೆ ಯಾವತ್ತು ನಡೆಯಿತು ಅಂತ ಮೊನ್ನೆ ಪಿಡಿಒ ಅವರನ್ನು ಕೇಳಿದೆ. ಅವರು ನಡಾವಳಿ ಪುಸ್ತಕ ತೆಗೆದು, ಪುಟ ತಿರುವಿ, ತಾರೀಕು ಓದಿ ಹೇಳಿದರು. ಬರೆದುಕೊಂಡು ಬಂದಿದ್ದೇನೆ. ನಿಮ್ಮೂರಿನ ಪುಸ್ತಕದಲ್ಲೂ ಅದು ಇರುತ್ತದೆ, ಕೇಳಿದರೆ ತೋರಿಸುತ್ತಾರೆ.